ಅತ್ತೆಗಾಗಿ ಬೆಳೆದ ಭಂಗಿ ಗಿಡ

ನಾನು ಹುಟ್ಟಿ ಬೆಳೆದದ್ದು ರಬಕವಿಯ ನೇಕಾರರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಅನಗವಾಡಿ ಕಡೆಯ ಹೊಳೆದಂಡೆಯ ಹಳ್ಳಿಗೆ. ಬಂದ ಹತ್ತು ವರ್ಷಗಳಲ್ಲಿ ಆಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿತು. ನಮ್ಮನ್ನು ಮೇಲಿನ ಎರೆ ನೆಲದಲ್ಲಿ ಗೆರೆ ಎಳೆದು ಹಂಚಿದ ಜಾಗಕ್ಕೆ ಸಾಗಿಸಿದರು. ಗಂಡ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಗಳು ಜಮಖಂಡಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹೊಸ ಮನೆಯಲ್ಲಿ ದಿನವೂ ಇರುತ್ತಿದ್ದವರು ಮೂವರೇ: ಅತ್ತೆ, ಗಂಡನ ಅಣ್ಣ ಮತ್ತು ನಾನು.

ಭಾವನಿಗೆ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಳೆಯ ಊರಿನಲ್ಲಿ ಅವರದು ದೊಡ್ಡ ಕುರಿಹಿಂಡು. ಕುರಿ ಮೇಯುವ ದಂಡೆ ನೀರಿನಡಿ ಹೋದಮೇಲೆ ಹಿಂಡನ್ನು ಕೊಟ್ಟುಬಿಟ್ಟು, ನಾಲ್ಕು ಆಡು ಇಟ್ಟುಕೊಂಡಿದ್ದರು. ಮಾತು ಕಡಿಮೆ. ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವಾಗ ಮಾತ್ರ ಅವರ ಮುಖ ಅರಳುತ್ತಿತ್ತು.

ನಾನು ಮನೆಯ ಮುಂದೆ ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಮೆಣಸು, ಬದನೆ, ಚೆಂಡುಹೂವಿನ ಸಸಿ ಮಾಡಿ ಮಾರುತ್ತಿದ್ದೆ. ಮಹಿಳಾ ಸಂಘದವರು ಹೇಳಿಕೊಟ್ಟ ಕೆಲಸ ಅದು. ಮೊದಲ ವರ್ಷ ಅರ್ಧ ಸಸಿ ಸತ್ತವು, ಮರುವರ್ಷ ಬದುಕಿದವು. ಎಲೆ ನೋಡಿ ಗಿಡದ ಸಂಕಟ ಹೇಳುತ್ತಾಳೆ ಎಂದು ಅಕ್ಕಪಕ್ಕದವರು ನನ್ನಲ್ಲಿಗೆ ಬರತೊಡಗಿದರು. ನನಗೆ ಅದರಿಂದ ಸ್ವಲ್ಪ ಹೆಮ್ಮೆಯೂ ಇತ್ತು.

ಹೊಸ ಊರಿಗೆ ಬಂದ ಮೂರನೆಯ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಬಾಗಲಕೋಟೆಗೆ ಒಯ್ದೆವು. ವಯಸ್ಸಾಗಿದೆ, ಕೊಯ್ಯುವ ಹಾಗಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಗುಳಿಗೆ ಬರೆದು ಕಳಿಸಿದರು. ಆ ಗುಳಿಗೆ ನುಂಗಿದರೆ ಆಕೆಗೆ ವಾಂತಿ, ನುಂಗದಿದ್ದರೆ ನೋವು. ಗಟ್ಟಿ ಹೆಣ್ಣುಮಗಳು, ಮುಳುಗುವ ಮನೆಯ ಬಾಗಿಲು ಕಿತ್ತು ತಾನೇ ಬಂಡಿಗೆ ಹೇರಿದವಳು. ಅಂಥವಳು ಕೌದಿಯ ಅಂಚು ಕಚ್ಚಿಕೊಂಡು, ‘ಯವ್ವಾ, ನನ್ನ ಒಯ್ಯಂತ ಹೇಳ ದೇವರಿಗೆ’ ಎಂದು ನನ್ನ ಕೈ ಹಿಡಿಯುತ್ತಿದ್ದಳು.

ಒಂದು ಮುಂಜಾನೆ ಸಸಿಗಳಿಗೆ ನೀರು ಹಾಕುತ್ತಿದ್ದಾಗ ಭಾವ ಬಂದು ಧೋತರದ ಚುಂಗಿನಿಂದ ಒಂದು ಎಲೆ ತೆಗೆದು ಚಾಚಿದರು.

‘ತಂಗಿ, ಪುಂಡಿ ಎಲಿ ಹಳದಿ ಆಗಾಕತ್ತಾವ. ಯಾಕ ನೋಡು.’

ಎಲೆಗೆ ಬೆರಳುಗಳಿದ್ದವು, ಅಂಚಿಗೆ ಗರಗಸದ ಹಲ್ಲು. ಪಲ್ಯಕ್ಕೆ ಹಾಕುವ ಹುಳಿಸೊಪ್ಪು ಪುಂಡಿಯ ಎಲೆಯೂ ಹಾಗೆಯೇ. ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಹುಳಿ ಇರಲಿಲ್ಲ. ಬೆರಳಿಗೆ ಹತ್ತಿದ ವಾಸನೆ ಗುರುತಾಯಿತು. ಜಾತ್ರೆಗೆ ಬರುವ ಬೈರಾಗಿಗಳ ಚಿಲುಮೆಯ ಸುತ್ತ ಇರುವಂಥದ್ದು.

‘ಭಾವಾರ, ಇದು ಪುಂಡಿ ಅಲ್ರಿ.’

ಅವರು ನೆಲ ನೋಡುತ್ತ ಕುಕ್ಕರಗಾಲಲ್ಲಿ ಕುಳಿತರು. ‘ಹೌದು. ಭಂಗಿ. ಅವ್ವಗಂತ ಹಾಕೇನಿ.’

ಆಮೇಲೆ ತಡೆದು ತಡೆದು ಹೇಳಿದರು. ಎರಡು-ಮೂರು ತಿಂಗಳ ಹಿಂದೆ ಒಂದು ಗದ್ದುಗೆಯ ಹತ್ತಿರ ಸಿಕ್ಕ ಬೈರಾಗಿಯೊಬ್ಬ, ಹಾಲಿನಲ್ಲಿ ಕುದಿಸಿ ಕೊಡು ಎಂದು ಒಂದು ಹಿಡಿ ಸೊಪ್ಪು ಕೊಟ್ಟಿದ್ದ. ಅದನ್ನು ಕುಡಿದ ಎರಡು ರಾತ್ರಿ ಅತ್ತೆ ನರಳದೆ ಮಲಗಿದ್ದಳು. ಆ ಎರಡು ರಾತ್ರಿ ನನಗೂ ನೆನಪಿದ್ದವು. ಗುಳಿಗೆಯೇ ಹತ್ತಿತು ಎಂದುಕೊಂಡಿದ್ದೆ. ಸೊಪ್ಪು ತೀರಿದಮೇಲೆ ಭಾವ ಮತ್ತೆ ಹೋಗಿ ಬೀಜ ತಂದು ಊರಿದ್ದರು.

ಇದು ಅಪರಾಧ ಎಂಬುದು ನನಗೆ ಗೊತ್ತಿತ್ತು. ಕಬ್ಬಿನ ನಡುವೆ ಇದೇ ಗಾಂಜಾ ಗಿಡ ಬೆಳೆದವನನ್ನು ಹಗ್ಗ ಹಾಕಿ ಒಯ್ದ ಸುದ್ದಿ ಸಂತೆಯಲ್ಲಿ ಕೇಳಿದ್ದೆ. ‘ಬ್ಯಾಡ್ರಿ, ಕಿತ್ತು ಒಗೀರಿ’ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ನರಳಾಟ ಕೇಳಿತು. ನನ್ನ ಬಾಯಿಂದ ಬಂದದ್ದು ಬೇರೆಯೇ: ‘ಎಲ್ಲಿ ಅದಾವ್ರಿ?’

ಆಡಿನ ಕೊಟ್ಟಿಗೆಯ ಹಿಂದೆ, ಕಟ್ಟಿಗೆ ಒಟ್ಟಿದ ಮರೆಯಲ್ಲಿ ಎಂಟು ಗೊಬ್ಬರದ ಚೀಲ ನಿಲ್ಲಿಸಿದ್ದರು. ಒಂದೊಂದರಲ್ಲಿ ಮೊಣಕಾಲೆತ್ತರದ ಒಂದೊಂದು ಗಿಡ. ಕೆಳಗಿನ ಎಲೆ ಹಳದಿಯಾಗಿ, ಮೇಲಿನವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

‘ನೀರ ಸಾಲವಲ್ದು ಅಂತ ಕಾಣತೇತಿ. ಮುಂಜಾನಿ ಒಂದು ಕೊಡ, ಸಂಜಿಕ ಒಂದು ಕೊಡ ಹಾಕಾಕತ್ತೇನಿ’ ಎಂದರು ಭಾವ.

ಒಂದು ಚೀಲ ಎತ್ತಲು ನೋಡಿದೆ, ಕದಲಲಿಲ್ಲ. ಮಣ್ಣಿಗೆ ಬೆರಳಿಟ್ಟರೆ ಮೇಲಿಂದ ಕೆಳಗಿನವರೆಗೂ ಕೆಸರು. ಬದಿಯಲ್ಲಿ ಕೆದಕಿ ಬೇರಿನ ತುದಿ ಮುರಿದೆ. ಬೆಳ್ಳಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಕೊಳೆತ ನಾತ ಬರುತ್ತಿತ್ತು. ಚೀಲದ ತಳಕ್ಕೆ ತೂತೇ ಇರಲಿಲ್ಲ. ಹೊಳೆದಂಡೆಯ ಮಳಲು ನೆಲದಲ್ಲಿ ನೀರು ಹಾಕಿದಷ್ಟೂ ಇಳಿದುಹೋಗುತ್ತಿತ್ತು. ಭಾವನ ಕೈಗೆ ಇನ್ನೂ ಅದೇ ರೂಢಿ. ಈ ಎರೆಮಣ್ಣು ನೀರು ಬಿಟ್ಟುಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

‘ನೀರ ಕಮ್ಮಿ ಆಗಿಲ್ರಿ, ಹೆಚ್ಚಾಗೇತಿ. ಬೇರಿಗೆ ಉಸಿರಾಡಾಕ ಜಾಗಾ ಇಲ್ಲ. ಅದಕ್ಕ ನೀರಾಗ ನಿಂತರೂ ಬಾಡಾಕತ್ತಾವ.’

ದಬ್ಬಣ ಕಾಯಿಸಿ ಚೀಲಗಳ ತಳಕ್ಕೆ ತೂತು ಹೊಡೆದೆವು. ತೀರಾ ಕೆಟ್ಟ ಗಿಡಗಳನ್ನು ಚೀಲದಿಂದ ತೆಗೆದು, ಮಳಲು ಮತ್ತು ಹಳೆಯ ಆಡಿನ ಗೊಬ್ಬರ ಬೆರೆಸಿ ಮತ್ತೆ ನೆಟ್ಟೆವು. ಬೆರಳಿನ ಎರಡು ಗೆಣ್ಣು ಆಳ ಮಣ್ಣು ಒಣಗುವವರೆಗೆ ನೀರು ಮುಟ್ಟಿಸಬಾರದು ಎಂದು ಹೇಳಿದೆ. ಭಾವ ದಿನಕ್ಕೆ ನಾಲ್ಕು ಸಲ ಹೋಗಿ ಬೆರಳಿಟ್ಟು ನೋಡುತ್ತಿದ್ದರು. ಒಂದು ಗಿಡ ಸತ್ತಿತು. ಉಳಿದವು ಹತ್ತು-ಹನ್ನೆರಡು ದಿನಗಳಲ್ಲಿ ತಲೆ ಎತ್ತಿದವು. ಎಳೆಯ ಎಲೆ ಹರಿದು ಹಾಲಿನಲ್ಲಿ ಕುದಿಸಿ ಕೊಟ್ಟದ್ದೂ ನಾನೇ. ಕೆಲವು ದಿನ ಹತ್ತುತ್ತಿತ್ತು, ಕೆಲವು ದಿನ ಇಲ್ಲ. ಗಂಡನಿಗೆ ಹೇಳಲಿಲ್ಲ. ವಾರಕ್ಕೊಂದು ದಿನ ಬರುವ ಮನುಷ್ಯನ ತಲೆಗೆ ಇದನ್ನೇಕೆ ಕಟ್ಟಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಅವರು ಬೇಡ ಎನ್ನುತ್ತಾರೆಂಬ ಅಂಜಿಕೆ.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಳದಿ ಕಾಣಿಸಿತು. ಈ ಸಲ ಕೆಳಗಿನ ಎಲೆಯಲ್ಲ, ತುದಿಯ ಹೊಸ ಎಲೆ. ನರ ಹಸಿರಾಗೇ ಉಳಿದು ನಡುವಿನದೆಲ್ಲ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಮಣ್ಣು ಒಣಗಿಸಿ ನೋಡಿದೆ, ಬೂದಿ ಹಾಕಿ ನೋಡಿದೆ, ಇನ್ನಷ್ಟು ಹಳದಿಯಾಯಿತು. ನನಗೆ ತಿಳಿಯದೆ ಹೋಯಿತು.

ಮುಧೋಳದಲ್ಲಿ ನಾನು ಬೀಜ ಕೊಳ್ಳುತ್ತಿದ್ದ ಅಂಗಡಿಯೊಂದಿತ್ತು. ಮಾಲೀಕ ದಪ್ಪ ಕನ್ನಡಕದ ಸಣ್ಣ ಮನುಷ್ಯ, ಯಾವ ಎಲೆ ತಂದರೂ ತಾಳ್ಮೆಯಿಂದ ನೋಡಿ ಹೇಳುವವನು. ಮೆಣಸಿನ ಬೀಜ ತರಲು ಹೋದ ದಿನ ಒಂದು ಎಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಒಯ್ದೆ. ಎಲೆಯ ಉಳಿದ ಬೆರಳೆಲ್ಲ ಕಿತ್ತು, ಒಂದೇ ಬೆರಳು ತೋರಿಸಿದರೆ ಗುರುತಾಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದೆ. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳು ನಿಂತಿದ್ದರು.

‘ಯಾವ ಬೆಳೀರಿ ಅಕ್ಕಾರ?’

‘ಪುಂಡಿರಿ.’

ಅವನು ಎಲೆಯನ್ನು ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ತಂದ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ‘ಬೋರಿನ ನೀರ ಹಾಕ್ತೀರಿ?’

‘ಹೌದ್ರಿ.’

‘ನಿಮ್ಮ ಕಡಿ ಬೋರ ಎಲ್ಲಾ ಸವಳು, ಉಪ್ಪು ನೀರ. ಮಣ್ಣಾಗ ಸುಣ್ಣ ಬ್ಯಾರೆ. ನೀವು ಬೂದಿ ಹಾಕಿದ್ರೆ ಮತ್ತಷ್ಟು ಕೆಡ್ತದ. ಕಬ್ಬಿಣದ ಅಂಶ ಮಣ್ಣಾಗಿದ್ರೂ ಗಿಡಕ್ಕ ಹತ್ತೂದಿಲ್ಲ. ಹೊಳಿ ನೀರ ಹಾಕ್ರಿ, ಛಲೋ ಆಗ್ತಾವ.’ ಎಲೆ ತಿರುಗಿ ಕೊಡುತ್ತ ಕೇಳಿದ: ‘ಎಷ್ಟು ಗಿಡ ಅದಾವ್ರಿ?’

‘ಎಂಟು’ ಎಂದುಬಿಟ್ಟೆ.

ಪುಂಡಿಯನ್ನು ಯಾರೂ ಎಣಿಸಿ ಹಾಕುವುದಿಲ್ಲ, ಮುಷ್ಟಿಯಲ್ಲಿ ಚೆಲ್ಲುತ್ತಾರೆ. ಅದು ತಲೆಗೆ ಹೊಳೆದದ್ದು ಬಸ್ಸು ಹತ್ತಿದಮೇಲೆ.

ಅದಾಗಿ ಒಂಬತ್ತನೆಯ ದಿನ ಮಧ್ಯಾಹ್ನ ಪೊಲೀಸರ ಜೀಪು ಬಂತು. ಭಾವ ಅತ್ತೆಯ ಹೊರಸಿನ ಹತ್ತಿರ ಕುಳಿತು ಆಕೆಯ ಕಾಲು ತಿಕ್ಕುತ್ತಿದ್ದರು. ಬಂದವರು ನೆಟ್ಟಗೆ ಕೊಟ್ಟಿಗೆಯ ಹಿಂದೆ ಹೋದರು. ಏಳು ಚೀಲ ಹೊರಗೆ ತಂದಿಟ್ಟು ಅವರಲ್ಲೊಬ್ಬ ಕೂಗಿದ: ‘ಎಂಟು ಅದಾವಂತಲ್ಲ, ಇನ್ನೊಂದೆಲ್ಲಿ?’

ಸತ್ತ ಗಿಡದ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಕಟ್ಟಿಗೆ ಕೆಡವಿ, ನನ್ನ ಸಸಿಗಳನ್ನೆಲ್ಲ ಒದ್ದು ಹುಡುಕಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

‘ಎಲ್ಲಾ ನನ್ನವು. ಮನ್ಯಾಗಿನವರಿಗೆ ಏನೂ ಗೊತ್ತಿಲ್ಲ’ ಎಂದರು ಭಾವ.

ಹಿರಿಯ ಅಧಿಕಾರಿ ನನ್ನ ಕಡೆ ತಿರುಗಿದ. ‘ಖರೇನ? ನಿನಗ ಗೊತ್ತಿರಲಿಲ್ಲೇನವಾ?’

‘ಪುಂಡಿ ಅಂದಿದ್ರು’ ಎಂದೆ. ನನ್ನ ಉಗುರಿನ ಸಂದಿಯಲ್ಲಿ ಆ ದಿನ ಬೆಳಿಗ್ಗೆ ಹರಿದ ಎಲೆಯ ಹಸಿರು ಇನ್ನೂ ಇತ್ತು. ಭಾವ ತಲೆ ಎತ್ತಲಿಲ್ಲ.

ಅತ್ತೆ ಹೊರಸಿನ ಮೇಲಿಂದಲೇ ಕೈ ಎತ್ತಿ, ‘ಯಪ್ಪಾ, ಅವು ನನಗ ಹಾಕಿದ್ದು. ನನ್ನ ಒಯ್ರಿ’ ಎಂದಳು. ಅಧಿಕಾರಿ ಒಂದು ಕ್ಷಣ ಆಕೆಯನ್ನು ನೋಡಿ ಮುಖ ಆ ಕಡೆ ಮಾಡಿದ. ಆದರೆ ಬರೆಯಬೇಕಾದ್ದನ್ನು ಬರೆದ. ಇಬ್ಬರು ನೆರೆಯವರಿಂದ ಸಹಿ ಹಾಕಿಸಿಕೊಂಡು ಭಾವನನ್ನು ಜೀಪಿಗೆ ಹತ್ತಿಸಿದರು.

ಅತ್ತೆ ಆಮೇಲೆ ಮೂರು ವಾರ ಬದುಕಿದ್ದಳು. ‘ಹಿರ್ಯಾ ಬಂದನೇನು?’ ಎಂದು ಹಿರಿಯ ಮಗನನ್ನು ದಿನವೂ ಕೇಳುವಳು. ಔಷಧ ತರಲು ಹೋಗಿದ್ದಾರೆ ಎನ್ನುತ್ತಿದ್ದೆ. ಜೀಪು ಹತ್ತುವುದನ್ನು ಕಣ್ಣಾರೆ ನೋಡಿದವಳು ನನ್ನ ಸುಳ್ಳಿಗೆ ಹೂಂಗುಡುತ್ತಿದ್ದಳು. ಕೊನೆಯ ಮೂರು ದಿನ ಮಾತಿರಲಿಲ್ಲ, ಬರೀ ಕೂಗು. ಮಣ್ಣು ಮಾಡುವ ಹೊತ್ತಿಗೆ ಭಾವನನ್ನು ಕರೆತರಲು ಗಂಡ ಹಿಡಿದ ವಕೀಲರು ಓಡಾಡಿದರು. ಅಪ್ಪಣೆ ಸಿಕ್ಕಿದ್ದು ಮಣ್ಣು ಮಾಡಿದ ಮರುದಿನ. ಗಂಡ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನನಗ್ಯಾಕ ಹೇಳಲಿಲ್ಲ?’ ಆಮೇಲೆ ಎಷ್ಟೋ ದಿನ ಅವರು ಊಟಕ್ಕೆ ಬಡಿಸು ಎನ್ನುವಷ್ಟೇ ಮಾತಾಡಿದರು.

ನಾಲ್ಕು ತಿಂಗಳ ಮೇಲೆ ಭಾವ ಜಾಮೀನಿನ ಮೇಲೆ ಬಂದರು. ಬಂದವರೇ ತಾಯಿಯ ಗೋರಿಗೆ ಹೋಗಿ ಸಂಜೆಯವರೆಗೆ ಅಲ್ಲೇ ಕುಳಿತಿದ್ದರು. ‘ಅವ್ವ ಹೆಂಗ ಹೋದ್ಲು?’ ಎಂದು ಕೇಳಿದಾಗ, ‘ಮಲಗಿದಾಕಿ ಏಳಲಿಲ್ರಿ’ ಎಂದೆ.

ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಸಹಿ ಹಾಕಿದ ನೆರೆಯವರಿಬ್ಬರೂ ಕೋರ್ಟಿನಲ್ಲಿ ನಾವೇನೂ ನೋಡಿಲ್ಲ ಎಂದರು, ಭಾವನನ್ನು ಬಿಟ್ಟರು. ಆ ಸಂಜೆ ಕಟ್ಟೆಯ ಮೇಲೆ ಚಹಾ ಕೊಟ್ಟು ನಾನೂ ಅಲ್ಲೇ ಕುಳಿತೆ. ಮುಧೋಳದ ಅಂಗಡಿ, ಒಂದು ಬೆರಳಿನ ಎಲೆ, ಬಾಯಿ ತಪ್ಪಿ ಬಂದ ಎಂಟು, ಎಲ್ಲ ಹೇಳಿದೆ. ‘ನನ್ನಿಂದನ ನೀವು ಒಳಗ ಹೋದ್ರಿ’ ಎಂದೆ.

ಅವರು ಚಹಾ ಕುಡಿದು ಮುಗಿಸಿದರು. ‘ನಾನೂ ಒಂದಿಬ್ಬರ ಮುಂದ ಅಂದಿದ್ದೆ, ತಂಗಿ. ಎಂಟು ಹಚ್ಚೇನಿ, ನನ್ನ ತಮ್ಮನ ಹೇಣ್ತಿ ಉಳಿಸಿಕೊಟ್ಲು ಅಂತ. ಯಾರ ಬಾಯಿಂದ ಹೋತೋ ಯಾರಿಗೆ ಗೊತ್ತು.’

ಅಷ್ಟು ಮಾತು ಕಡಿಮೆಯ ಮನುಷ್ಯ ಯಾರ ಮುಂದೆ ಹಾಗೆ ಹೇಳಿದ್ದಾರು? ನನ್ನ ಮನಸ್ಸು ಹಗುರಾಗಲೆಂದು ಕಟ್ಟಿದ ಮಾತೋ ಏನೋ. ನಾನು ಕೆದಕಲಿಲ್ಲ. ಆ ಅಂಗಡಿಯವನನ್ನೂ ಕೇಳಲಿಲ್ಲ. ಅವನು ಯಾರಿಗೂ ಏನೂ ಹೇಳದೆಯೂ ಇದ್ದಿರಬಹುದು.

ಲೋಟ ಕೆಳಗಿಟ್ಟು ಭಾವನೇ ಕೇಳಿದರು: ‘ಈಗರ ಖರೆ ಹೇಳು. ಅವ್ವ ಮಲಗಿದಲ್ಲೇ ಹೋದ್ಲೇನು?’

‘ಇಲ್ರಿ’ ಎಂದೆ. ಮೂರು ದಿನದ ಕೂಗು, ಕಚ್ಚಿ ಹರಿದ ಕೌದಿ, ಬಾಗಿಲ ಕಡೆಗೇ ಇದ್ದ ಕಣ್ಣು, ಒಂದೂ ಬಿಡದೆ ಹೇಳಿದೆ. ಅವರು ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳು ನಿಂತಮೇಲೆ, ‘ನನಗ ಗೊತ್ತಿತ್ತು’ ಎಂದು ಎದ್ದು, ಮೇಯಲು ಬಿಟ್ಟ ಆಡುಗಳನ್ನು ಕರೆಯಲು ಹೋದರು.