ಹಣೆಯಿಂದ ಬಂದ ಮೂಗು

ಡಿಸೆಂಬರ್ ಬಂತೆಂದರೆ ನಮ್ಮ ತ್ಯಾಗರಾಜನಗರದಲ್ಲಿ ಮಂಕಿಕ್ಯಾಪುಗಳು ಟ್ರಂಕಿನಿಂದ ಹೊರಬೀಳುತ್ತವೆ. ನುಸಿಗುಳಿಗೆಯ ವಾಸನೆಯನ್ನು ತಲೆಗೇರಿಸಿಕೊಂಡು ಹಾಲು ತರಲು ಹೊರಟವರನ್ನು ನೀವೂ ನೋಡಿರುತ್ತೀರಿ. ಅದನ್ನು ಚಳಿಗಲ್ಲದೆ ಮಾನಕ್ಕೆಂದು ಹಾಕಿಕೊಂಡವನು ಬಹುಶಃ ನಾನೊಬ್ಬನೇ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮೂಗಿನ ತುದಿಯಲ್ಲಿ ಎದ್ದು, ಏನು ಹಚ್ಚಿದರೂ ಮಾಯದಿದ್ದ ಹುಣ್ಣನ್ನು ಕ್ಯಾನ್ಸರ್ ಎಂದು ಕೆತ್ತಿ ತೆಗೆದ ಡಾಕ್ಟರು, ಆ ಜಾಗಕ್ಕೆ ಹಣೆಯ ಚರ್ಮವನ್ನೇ ಇಳಿಸಿ ಹೊಲಿದರು. ಹೊಸ ಮನೆಯಲ್ಲಿ ರಕ್ತಸಂಬಂಧ ಕುದುರುವ ತನಕ ಅದು ತವರನ್ನು ಬಿಡುವಂತಿಲ್ಲವಂತೆ. ಹಾಗಾಗಿ ಹುಬ್ಬಿನಿಂದ ಮೂಗಿನವರೆಗೆ ಬೆರಳು ಗಾತ್ರದ ಚರ್ಮದ ತೊಟ್ಟೊಂದು ಕೆಲವು ವಾರ ಇಳಿಬಿದ್ದಿರಬೇಕು, ಅದರ ಮೇಲೆ ಏನೂ ಒತ್ತಬಾರದು. ಕ್ರಾಪು ಕೆದರದಂತೆ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನಾನು ಮನೆಯ ಕನ್ನಡಿಗೆ ಟವೆಲು ಹೊದಿಸಿದೆ.

ಅಂಥ ಹೊತ್ತಿಗೇ ಮಗಳು ಸುಧಾಳನ್ನು ನೋಡಲು ಕುಮಾರ ಪಾರ್ಕಿನಿಂದ ಗಂಡಿನವರು ಬರುತ್ತೇವೆಂದರು. ಧನುರ್ಮಾಸ ಹಿಡಿಯುವ ಮೊದಲೇ ಮುಗಿಸಬೇಕೆಂಬ ಆತುರ ಅವರಿಗೆ. ಹೆಣ್ಣಿನ ಅಪ್ಪನ ಮುಖ ಕಂಡು, ವಂಶದಲ್ಲೇ ಏನೋ ಇದೆ ಎಂದುಕೊಂಡುಬಿಟ್ಟರೆ ಗತಿಯೇನು? ನೆಗಡಿಯ ನೆಪ ಹೇಳಿ, ಮಂಕಿಕ್ಯಾಪನ್ನು ಮೂಗು ಮುಚ್ಚುವಷ್ಟು ಬಿಗಿಯಾಗಿ ಎಳೆದುಕೊಂಡು, ಕೇಸರಿಬಾತು ಮುಟ್ಟದೆ ಇಡೀ ಸಂಜೆ ಅವರೆದುರು ಕೂತೆ. ಅವರು ಹೋದ ಮೇಲೆ ಟೋಪಿ ತೆಗೆದರೆ ಹೊಸ ಮೂಗು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. ತೊಟ್ಟು ಒತ್ತಿ ರಕ್ತ ಕಟ್ಟಿಕೊಂಡಿದೆ, ಉಳಿದರೆ ಉಳಿಯಿತು ಎಂದು, ಎದೆನೋವಿನವರಿಗೆ ಕೊಡುವ ಔಷಧಿಯದೇ ಮುಲಾಮೊಂದನ್ನು ಬರೆದುಕೊಟ್ಟರು. ತೆಳ್ಳಗೆ ಸವರಿದರೆ ರಕ್ತನಾಳ ಹಿಗ್ಗಿ ದಾರಿಯಾಗುತ್ತದಂತೆ, ತಲೆ ಮಾತ್ರ ಸಿಡಿಯುತ್ತದಂತೆ. "ಯಾರು ಬಂದ್ರೂ ಮುಖ ಬಿಟ್ಕೊಂಡೇ ಇರಿ. ಮುಚ್ಕೊಂಡ್ರೆ ಸತ್ತೋಗುತ್ತೆ," ಎಂದರು. ಕನ್ನಡಿ ನೋಡಲೊಲ್ಲದ ಅಪ್ಪನಿಗೆ ಮುಲಾಮು ಹಚ್ಚುವ ಕೆಲಸ ಸುಧಾಳ ಪಾಲಿಗೆ ಬಂತು.

ಮಾತುಕತೆಗೆಂದು ಗಂಡಿನವರು ಅದೇ ವಾರ ಮತ್ತೆ ಬಂದಾಗ ನಾನು ಒಳಕೋಣೆ ಸೇರಿದೆ. ಸುಧಾ ಬಂದವಳೇ ಕೈಹಿಡಿದು ನಡುಮನೆಗೆ ಕರೆತಂದು, ಕಿಟಕಿಯ ಬೆಳಕಿಗೆ ಕೂರಿಸಿ, "ನಮ್ಮಪ್ಪಂಗೆ ಆಪರೇಷನ್ ಆಗಿದೆ, ಇದನ್ನ ಹಚ್ಚಿ ಬಂದ್ಬಿಡ್ತೀನಿ," ಎಂದು ಅವರಿಗೆ ಹೇಳಿದಳು. ಕಾಫಿ ಲೋಟಗಳು ಅಲ್ಲಲ್ಲೇ ನಿಂತವು. ಭೂಮಿ ಬಾಯಿಬಿಡಬಾರದೇ ಎನಿಸಿ ನಾನು ಕಣ್ಣು ಮುಚ್ಚಿಕೊಂಡೆ. ಅವಳ ಬೆರಳು ಮೂಗಿನ ಮೇಲಿದೆಯೆಂದು ಗೊತ್ತು. ಆದರೆ ಆ ಚರ್ಮದ ನರಗಳಿಗೆ ತಾವು ಜಾಗ ಬದಲಿಸಿದ್ದು ಇನ್ನೂ ತಿಳಿದಿರಲಿಲ್ಲವಲ್ಲ, ಅವಳು ನನ್ನ ಹಣೆಯನ್ನೇ ನೇವರಿಸುತ್ತಿದ್ದಾಳೆ ಎಂದೆನಿಸಿತು, ಜ್ವರ ಬಂದಾಗ ನಾನು ಅವಳಿಗೆ ಮಾಡುತ್ತಿದ್ದ ಹಾಗೆ. ಅವಳ ಮಾನಕ್ಕಾಗಿ ಮುಚ್ಚಿಕೊಂಡೆ ಎಂದು ನಂಬಿದ್ದೆ. ಆ ಬೆರಳಿನಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ. ನಾಚಿಕೆಯೆಲ್ಲ ನನ್ನದೇ, ಅದಕ್ಕೆ ಮಗಳ ಹೆಸರು ಬಳಸಿಕೊಂಡಿದ್ದೆನಲ್ಲ ಎಂಬುದು ಮುಖಕ್ಕಿಂತ ಹೆಚ್ಚು ನಾಚಿಕೆಗೇಡೆನಿಸಿತು.

ಸಂಬಂಧ ಕೂಡಿಬರಲಿಲ್ಲ. ಅವರು ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ಬೇಡವೆಂದು ಅವರ ಫೋನು ಬಂದ ದಿನವೂ ಸುಧಾ ಹೊತ್ತಿಗೆ ಸರಿಯಾಗಿ ಮುಲಾಮು ಹಿಡಿದು ಬಂದಳು. ಮೂಗಿನಂಚಿನಲ್ಲಿ ಸತ್ತ ಚರ್ಮದ ಕಪ್ಪು ಕಡಲೆಕಾಳಿನಷ್ಟಕ್ಕೇ ನಿಂತಿತ್ತು. ಉಳಿದದ್ದನ್ನು ಡಾಕ್ಟರು ತೋರಿಸಿಕೊಟ್ಟಂತೆ ಮೆಲ್ಲನೆ ಒತ್ತಿ, ಬಿಟ್ಟು, ಬಗ್ಗಿ ನೋಡಿ, "ಬದುಕ್ಕೊಳ್ತು ಅಪ್ಪ, ಕೆಂಪಗಾಗ್ತಿದೆ," ಎಂದು ನಕ್ಕಳು. ತಲೆಯೆತ್ತಿ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.