ಹಿಂದೆ ದಡವೂ ಬರಬೇಕು

ನನ್ನ ಭಾವನಿಗೆ ದೋಣಿಕಟ್ಟೆಯ ಬೀದಿಯಲ್ಲೆಲ್ಲ ‘ಒಂದ್ನಿಮಿಷ’ ಎಂದೇ ಹೆಸರು. ಫೋಟೋ ತೆಗೆಯುವ ಮುಂಚೆ ‘ಒಂದ್ನಿಮಿಷ, ಒಂದ್ನಿಮಿಷ’ ಎನ್ನುತ್ತಾ ಎದುರಿಗಿದ್ದವರ ಜೀವ ತಿನ್ನುವುದು ಅವರ ಕಸುಬಿನ ಅರ್ಧಭಾಗ. ಊರು ತೋರಿಸುವ ದೋಣಿಯಲ್ಲಿ ಪ್ರಯಾಣಿಕರ ಫೋಟೋ ತೆಗೆಯುತ್ತಿದ್ದವರು ಅವರು. ಮೈಕ್ ಹಿಡಿದು ಊರಿನ ಕಥೆ ಹೇಳುತ್ತಿದ್ದವಳು ನನ್ನ ಅಕ್ಕ. ಚುಕ್ಕಾಣಿ ಹಿಡಿಯುವವನು ನಾನು. ಒಂದೇ ಮನೆಯವರು ಒಂದೇ ದೋಣಿ ಹತ್ತಬಾರದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಎಷ್ಟೋ ತಲೆನೋವು ತಪ್ಪುತ್ತಿತ್ತು.

ಭಾವನ ಹತ್ತಿರ ಮೂರು ಲೆನ್ಸ್ ಇದ್ದವು. ಆಚೆ ದಡದ ಗೋಪುರವನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ಉದ್ದನೆಯದು, ದಿನಬಳಕೆಗೆ ನಡುವಿನದು, ಎರಡೂ ದಡಗಳನ್ನು ಒಂದೇ ಚೌಕಟ್ಟಿಗೆ ಎಳೆದುಕೊಳ್ಳುವ ಗಿಡ್ಡನೆಯದು. ದೋಣಿಗೆ ಬರುವಾಗ ಮಾತ್ರ ತರುತ್ತಿದ್ದುದು ಒಂದೇ. ನೀರಿನ ಸಿಡಿತ ಬೀಳುವ ಜಾಗದಲ್ಲಿ ಲೆನ್ಸ್ ಬದಲಿಸಲು ಕ್ಯಾಮೆರಾದ ಬಾಯಿ ತೆರೆಯಬಾರದು ಎಂಬುದು ಅವರ ಹಟ. ನೆಲದ ಮೇಲಾದರೆ ಎರಡು ಹೆಜ್ಜೆ ಹಿಂದಕ್ಕೆ ಹೋಗಬಹುದು, ದೋಣಿಯಲ್ಲಿ ಹಿಂದಕ್ಕೆ ಹೋದರೆ ನದಿ. ಹಾಗಾಗಿ ಅವತ್ತು ಏನು ಬೇಕು, ಏನನ್ನು ಬಿಡಬೇಕು ಎಂಬುದು ಬೆಳಿಗ್ಗೆ ಊಟದ ಮೇಜಿನ ಮೇಲೇ ತೀರ್ಮಾನವಾಗಬೇಕು. ಮೂರನ್ನೂ ಸಾಲಾಗಿ ಇಟ್ಟುಕೊಂಡು ಆಕಾಶ ನೋಡಿ, ಗಾಳಿ ನೋಡಿ, ಮತ್ತೆ ಲೆನ್ಸ್ ನೋಡಿ ಯೋಚಿಸುತ್ತಾ ಕೂರುತ್ತಿದ್ದರು. ತಿಂಡಿ ತಟ್ಟೆ ಇಡಲು ಜಾಗವಿಲ್ಲದೆ ಅಕ್ಕ ಗೊಣಗುತ್ತಿದ್ದಳು.

ಅಕ್ಕನ ವಿಷಯವೂ ಕಡಿಮೆಯಲ್ಲ. ಆಕೆ ದೋಣಿಯ ಮೂತಿಗೆ ಬೆನ್ನು ಮಾಡಿ, ಪ್ರಯಾಣಿಕರಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವಳ ಬಲ ಅವರಿಗೆ ಎಡ. ಇಡೀ ದಿನ ‘ನಿಮ್ಮ ಎಡಗಡೆಗೆ ನೋಡಿ’ ಎಂದು ತನ್ನ ಬಲಗಡೆಯನ್ನು ಹೇಳಿ ಹೇಳಿ ಆ ತಿರುವುಮುರುವು ಮೈಗೆ ಹತ್ತಿಬಿಟ್ಟಿತ್ತು. ಮನೆಯಲ್ಲೂ ಅದೇ ಪಾಡು. ಕತ್ತರಿ ಎಡಗಡೆ ಡ್ರಾಯರಿನಲ್ಲಿದೆ ಎಂದರೆ ನಾವು ಬಲಗಡೆಯದನ್ನು ಎಳೆಯುತ್ತಿದ್ದೆವು. ಟ್ಯಾಕ್ಸಿಯವನಿಗೆ ಆಕೆ ‘ಬಲಕ್ಕೆ ತಿರುಗಿಸಿ’ ಅಂದ ಕೂಡಲೇ ಭಾವ ಹಿಂದಿನ ಸೀಟಿನಿಂದ ‘ಎಡಕ್ಕೆ’ ಎಂದು ತಿದ್ದುತ್ತಿದ್ದರು. ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ ಎಂದುಕೊಂಡು ಡ್ರೈವರು ಗಾಡಿ ನಿಲ್ಲಿಸಿಬಿಡುತ್ತಿದ್ದ.

ಆ ಅಕ್ಕನ ಗಂಟಲಲ್ಲಿ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ಬಾಯಿಯಿಂದಲೇ ಬದುಕಿದವಳ ಬಾಯನ್ನೇ ಕಿತ್ತುಕೊಳ್ಳುವ ಈ ಕಾಯಿಲೆಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಕ್ಕ ಮಾತ್ರ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಒಂದು ಸುತ್ತು ದೋಣಿಗೆ ಬರುತ್ತೇನೆ ಎಂದಳು. ಹಾರ ತುರಾಯಿ ಏನೂ ಕೂಡದು, ಪ್ರಯಾಣಿಕರಿಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಊಟಕ್ಕೆ ಕೂತಾಗ ಅಕ್ಕನ ಮಗಳು, ಆ ಸುತ್ತನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ ಎಂದಳು. ಅಕ್ಕ ತಟ್ಟೆಯಿಂದ ಕೈ ತೆಗೆದಳು.

“ಬೇಡ ಕಣೇ. ನನ್ನ ದನೀನ ನೀವು ಡಬ್ಬೀಲಿ ಇಟ್ಕೊಂಡ್ರೆ, ನಾಳೆ ನಾನು ಮೂಗಿಯಾಗಿ ಕೂತು ಅದನ್ನ ಕೇಳಬೇಕು. ಅದು ನನ್ನ ಕೈಲಾಗಲ್ಲ.”

ಫೋಟೋ ಬೇಕಾದರೆ ತೆಗೆದುಕೊಳ್ಳಿ ಎಂದಳು. ಅಲ್ಲಿಗೆ ಅವಳ ಮಾತನ್ನು ಉಳಿಸಿಕೊಳ್ಳಲು ಭಾವನಿಗೆ ಉಳಿದದ್ದು ಮಾತಾಡದ ಕ್ಯಾಮೆರಾ, ಒಂದು ಸುತ್ತು, ಒಂದು ಲೆನ್ಸ್.

ಆ ಬೆಳಿಗ್ಗೆ ನಾನು ಹೋದಾಗ ಮೂರೂ ಮೇಜಿನ ಮೇಲಿದ್ದವು. ಭಾವ ಉದ್ದನೆಯದನ್ನು ಹಾಕಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಕೂತು, ಅವಳಿಗೆ ಗೊತ್ತಾಗದಂತೆ ಮುಖ ಹಿಡಿಯಬಹುದು, ಸರಿಯಾದ ಆಯ್ಕೆ ಎಂದು ನಾನೂ ತಲೆಯಾಡಿಸಿದೆ. ಚಪ್ಪಲಿ ಮೆಟ್ಟಿದ ಮೇಲೆ ಅದೇನು ಹೊಳೆಯಿತೋ, ವಾಪಸು ಬಂದು ಅದನ್ನು ಕಳಚಿಟ್ಟು ಗಿಡ್ಡನೆಯದನ್ನು ಹಾಕಿದರು. ನನಗೆ ರೇಗಿತು. ಅದನ್ನು ಹಾಕಿದರೆ ಅಕ್ಕನ ಕಾಲ ಬುಡದಲ್ಲೇ ಕೂರಬೇಕು, ಹತ್ತಿರ ಹೋದರೆ ಮೂಗು ದಪ್ಪ ಬರುತ್ತದೆ ಎಂದು ನೀವೇ ಸಾವಿರ ಸಲ ಹೇಳಿದ್ದೀರಲ್ಲ ಎಂದೆ.

“ಬರೀ ಮುಖ ಬಂದ್ರೆ ಬಾಯಿ ತೆರೆದಿರೋದಷ್ಟೇ ಕಾಣುತ್ತೆ ಕಣೋ,” ಎಂದರು ಭಾವ. “ಏನು ಹೇಳ್ತಿದ್ಲು ಅಂತ ಹೇಗೆ ಗೊತ್ತಾಗ್ಬೇಕು? ಹಿಂದೆ ದಡವೂ ಬರಬೇಕು.”

ನನಗೆ ಆಗ ಅರ್ಥವಾಯಿತು. ಅಕ್ಕ ಯಾವ ಕಟ್ಟಡದ ಮುಂದೆ ಯಾವ ಮಾತು ಆಡುತ್ತಾಳೆ ಎಂಬುದು ನಮಗಿಬ್ಬರಿಗೂ ಬಾಯಿಪಾಠ. ಬೆನ್ನ ಹಿಂದೆ ಗಡಿಯಾರದ ಗೋಪುರವಿದ್ದರೆ, ‘ಈ ಗಡಿಯಾರ ಯಾವಾಗ್ಲೂ ನಿಧಾನ, ಅದಕ್ಕೇ ನಮ್ಮೂರಲ್ಲಿ ಯಾರೂ ತಡವಾಗಿ ಬರೋದಿಲ್ಲ’ ಎಂಬ ಹಳಸಲು ಜೋಕು. ಹಳೇ ಗಿರಣಿ ಇದ್ದರೆ ಬೆಂಕಿಯ ಕಥೆ. ದಡ ಕಂಡರೆ ಮಾತು ಸಿಕ್ಕಿತು.

ಆ ಸುತ್ತಿನಲ್ಲಿ ನಾನು ದೋಣಿಯನ್ನು ಸ್ವಲ್ಪ ನಿಧಾನವಾಗಿ ಬಿಟ್ಟೆ. ಅಕ್ಕನಿಗೆ ಗೊತ್ತಾಗಿ, ಮಾತಿನ ನಡುವೆಯೇ ಬಂದು ನನ್ನ ಚುಕ್ಕಾಣಿ ಕೋಣೆಯ ಗಾಜು ಕುಟ್ಟಿ, ಯಾವಾಗಿನ ಹಾಗೇ ಹೋಗು ಎಂದು ಕೈಸನ್ನೆ ಮಾಡಿದಳು. ದನಿ ಆಗಲೇ ಒಡೆದಿತ್ತು. ಗಡಿಯಾರದ ಜೋಕಿಗೆ ಪ್ರಯಾಣಿಕರು ನಕ್ಕರು. ಅವರಿಗೇನು ಗೊತ್ತು, ಪಾಪ. ಭಾವ ಮೊದಲ ಸಾಲಿನಲ್ಲಿ ಕೂತು ಒಂದು ಸಲವೂ ‘ಒಂದ್ನಿಮಿಷ’ ಎನ್ನದೆ ತೆಗೆಯುತ್ತಾ ಹೋದರು.

ಸೇತುವೆಯ ಕೆಳಗೆ ದೋಣಿ ಬಂದಾಗ ಅಕ್ಕ ಯಾವತ್ತೂ ಮಾತು ನಿಲ್ಲಿಸುತ್ತಾಳೆ, ಅಲ್ಲಿ ದನಿ ಕಲಸಿಹೋಗುತ್ತದೆ. ಅವತ್ತೂ ನಿಲ್ಲಿಸಿದಳು. ಒಂದು ಗುಟುಕು ನೀರು ಕುಡಿದು, ಮೈಕು ಕೆಳಗಿಳಿಸಿ, ಮೊದಲ ಸಲ ಗಂಡನ ಕ್ಯಾಮೆರಾವನ್ನು ನೇರ ನೋಡಿದಳು. ಭಾವ ಗುಂಡಿ ಒತ್ತಲಿಲ್ಲ. ಅಷ್ಟು ಒಳ್ಳೆಯ ನೋಟವನ್ನು ಬಿಟ್ಟರಲ್ಲ ಎಂದು ದೋಣಿ ದಡ ಸೇರಿದ ಮೇಲೆ ನಾನು ಕೇಳಿದರೆ, ಅಲ್ಲಿ ಅವಳು ಮಾತಾಡುತ್ತಿರಲಿಲ್ಲ, ಅಂಥದ್ದು ಇನ್ನು ಮುಂದೆ ದಿನಾ ಸಿಗುತ್ತದೆ ಎಂದರು. ಚುಕ್ಕಾಣಿಯ ಕಂಬ ಹಿಡಿದು ನಾನು ಅತ್ತುಬಿಟ್ಟೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಅಕ್ಕ ಬದುಕಿದಳು. ಮನೆಗೆ ಬಂದ ಮೇಲೆ ಹಲವು ದಿನ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಕೈಯಲ್ಲಿ ತೋರಿಸುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ. ಅವಳು ಮಾತಿನ ಜೊತೆಗೆ ನಮ್ಮನ್ನೂ ಬಿಟ್ಟುಬಿಟ್ಟಳೇನೋ ಎಂದು ಭಾವ ಹೆದರಿದ್ದರು.

ಒಂದು ಮಧ್ಯಾಹ್ನ ಅವರು ಆ ಸುತ್ತಿನ ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಿದರು. ಒಂದೊಂದನ್ನೇ ಎತ್ತಿ, ಹಿಂದಿನ ದಡ ನೋಡಿ, ಅವಳ ಮಾತನ್ನು ಅವಳಿಗೇ ಹೇಳತೊಡಗಿದರು. ಭಾವನದು ಕಥೆ ಹೇಳುವ ಬಾಯಲ್ಲ. ಗಡಿಯಾರದ ಜೋಕನ್ನು ತಂದು ಗಿರಣಿಯ ಬೆಂಕಿಗೆ ಸೇರಿಸಿದರು. ನಾನು ತುಟಿ ಕಚ್ಚಿಕೊಂಡೆ. ಅಕ್ಕ ತಿರುಗಿ ನೋಡಿದಳು. ಎದ್ದು ಬಂದು ಆ ಫೋಟೋವನ್ನು ಕಿತ್ತುಕೊಂಡು ಇನ್ನೊಂದನ್ನು ಅವರ ಕೈಗಿಟ್ಟಳು.

ಫೋಟೋದ ಅಂಚು ಕತ್ತರಿಸಬೇಕಿತ್ತು. ಕತ್ತರಿ ಎಲ್ಲಿ ಎಂದು ಭಾವ ಕೇಳಿದರು. ಅಕ್ಕ ಬೆರಳಿನಿಂದ ಬಲಗಡೆ ಡ್ರಾಯರನ್ನು ತೋರಿಸಿದಳು. ಅವರು ಅಭ್ಯಾಸಬಲದಿಂದ ಎಡಗಡೆಯದನ್ನು ಎಳೆದರು. ಇರಲಿಲ್ಲ. ಬಲಗಡೆಯದನ್ನು ಎಳೆದರು. ಇತ್ತು, ತೋರಿಸಿದ ಕಡೆಯೇ. ಬೆರಳು ತಪ್ಪು ಹೇಳುವುದಿಲ್ಲ. ಇನ್ನು ಈ ಮನೆಯಲ್ಲಿ ಯಾರೂ ಏನನ್ನೂ ತಿರುವುಮುರುವಾಗಿ ಹುಡುಕಬೇಕಾಗಿಲ್ಲ. ಅಷ್ಟು ಯೋಚನೆಗೇ ಅವರ ಕಣ್ಣು ತುಂಬಿತು.

ಅಕ್ಕ ಸ್ವಲ್ಪ ಹೊತ್ತು ಅವರನ್ನು ನೋಡಿದಳು. ಆಮೇಲೆ ಅವರ ಕೈಯಿಂದ ಕತ್ತರಿ ತೆಗೆದುಕೊಂಡು ಎಡಗಡೆ ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು. ತನ್ನ ಕುರ್ಚಿಗೆ ಹೋಗಿ ಕೂತಳು. ಮತ್ತೆ ಕೇಳು ಎಂಬಂತೆ ಗಲ್ಲ ಎತ್ತಿದಳು.

“ಕತ್ತರಿ ಎಲ್ಲಿ?” ಎಂದರು ಭಾವ.

ಅಕ್ಕ ಬಲಗಡೆಗೆ ಬೆರಳು ಮಾಡಿದಳು.