ಚಂದ್ರಿಗೆ ಉಡಿ ತುಂಬಿದ್ದು

ನನ್ನ ಕೈಗೆ ರೇಷನ್ ಕಾರ್ಡ್ ಬರುವ ಮೊದಲೇ ಚಂದ್ರಿಗೆ ಜರ್ಮನಿಗೆ ಹೋಗುವ ಕಾಗದ ಬಂತು. ಚಂದ್ರಿ ಎಂದರೆ ಮೂರು ಕಾಲಿನ ಬೀದಿನಾಯಿ. ನಾನು ಬಾದಾಮಿ ಕಡೆಯಿಂದ ಗಂಡನ ಬೆನ್ನು ಹತ್ತಿ ಬೆಂಗಳೂರಿನ ಕಾಮಾಕ್ಷಿಪಾಳ್ಯಕ್ಕೆ ಬಂದು ಆಗ ಎರಡು ವರ್ಷವಾಗಿತ್ತು. ಅವನಿಗೆ ಲೇತ್ ಕೆಲಸ, ನನಗೆ ಬ್ಯಾಡರಹಳ್ಳಿಯ ನಾಯಿ ಆಶ್ರಮದಲ್ಲಿ ಅನ್ನ ಬೇಯಿಸುವ ಕೆಲಸ. ನಾಯಿಗೆ ಅಡುಗೆ ಮಾಡುತ್ತೇನೆಂದರೆ ಊರಲ್ಲಿ ನಗುತ್ತಾರೆ ಎಂದು, ಹೋಟೆಲಿನಲ್ಲಿ ಅಡುಗೆ ಎಂದು ಹೇಳಿಬಿಟ್ಟಿದ್ದೆ.

ಟೆಂಪೊ ಹಾಯ್ದು ಕಾಲು ಕಳೆದುಕೊಂಡ ಚಂದ್ರಿಯ ಫೋಟೊವನ್ನು ಆಶ್ರಮದ ಮೇಡಂ ಕಂಪ್ಯೂಟರಿನಲ್ಲಿ ಹಾಕಿದ್ದರಂತೆ. ಜರ್ಮನಿಯ ಒಬ್ಬ ಟೀಚರಮ್ಮ ನೋಡಿ, ಇವಳೇ ಬೇಕು ಎಂದಳಂತೆ. ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರೂ ಇಷ್ಟು ಬೇಗ ಒಪ್ಪುವುದಿಲ್ಲ. ಆದರೆ ಹುಚ್ಚುನಾಯಿ ರೋಗದ ಸೂಜಿ ಚುಚ್ಚಿಸಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೂ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಬೇರೆ ನಾಯಿಗಳ ಜೊತೆ ಬಿಡುವುದು ಬೇಡ, ನಿಮ್ಮ ಮನೆಯಲ್ಲಿಟ್ಟುಕೊಳ್ಳುತ್ತೀಯಾ ಎಂದು ಮೇಡಂ ಕೇಳಿದರು. ಹೂಂ ಎಂದುಬಿಟ್ಟೆ. ಈ ಊರಲ್ಲಿ ನನ್ನನ್ನು ಏನಾದರೂ ಕೇಳುವವರೇ ಕಡಿಮೆ.

ಓನರ್ ಆಂಟಿ ಬಾಗಿಲಿಗೆ ಅಡ್ಡ ನಿಂತರು. ಒಂದು ರೂಮಿನ ಮನೆ, ನಿಮಗೇ ಜಾಗವಿಲ್ಲ, ಇದಕ್ಕೆಲ್ಲಿ ಎಂದರು. ಫಾರಿನ್ನಿಗೆ ಹೋಗುವ ನಾಯಿ ಎಂದೆ. ಅವರ ದನಿ ಇಳಿಯಿತು. ಮಾರನೆಯ ದಿನ ಪಕ್ಕದ ಬೀದಿಯವರನ್ನು ಕರೆತಂದು ಚಂದ್ರಿಯನ್ನು ತೋರಿಸಿದರು. ಎರಡು ವರ್ಷದಲ್ಲಿ ನನ್ನನ್ನು ಅವರು ಯಾರಿಗೂ ತೋರಿಸಿರಲಿಲ್ಲ, ನೋಡಿ!

ಊರಲ್ಲಿ ನಾಯಿ ಓಣಿಗೆಲ್ಲ ಸೇರಿದ್ದು. ಯಾರ ಮನೆಯಲ್ಲಿ ರೊಟ್ಟಿ ಉಳಿದರೆ ಅಲ್ಲಿ ಊಟ. ಇಲ್ಲಿ ನಾಯಿಗೆ ಒಡೆಯರು ಬೇಕು, ಜಾತಿ ಬೇಕು. ಅಂಗಡಿಯಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಯಾವ ಕಡೆಯವರು ನೀವು ಎನ್ನುತ್ತಿದ್ದರು. ನಾಚಿಕೆಯಾಗಿ ಬೆರಳು ತೋರಿಸಿ ಸಾಮಾನು ಕೊಳ್ಳುವುದನ್ನು ಕಲಿತಿದ್ದೆ. ಚಂದ್ರಿ ಹುಟ್ಟಾ ಬೆಂಗಳೂರಿನವಳು, ಆದರೂ ನನ್ನ ಮಾತನ್ನೇ ಕಲಿತಳು. ಅಭ್ಯಾಸವಾಗಲೆಂದು ಮೇಡಂ ಕೊಟ್ಟಿದ್ದ ವಿಮಾನದ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿಯ ಚೂರು ಇಟ್ಟು, "ಒಳಗ ಹೋಗವ್ವಾ" ಎಂದರೆ ಕುಂಟುತ್ತಾ ಹೋಗಿ ಕೂರುತ್ತಿದ್ದಳು. ಕೆಲಸದಿಂದ ಬಂದು ಮಲಗುವವರೆಗೂ ಅವಳ ಜೊತೆ ಮಾತಾಡಿ ಮಾತಾಡಿ, ಅಂಗಡಿಯಲ್ಲೂ ಬಾಯಿ ಬಿಡತೊಡಗಿದೆ. ಕಳಿಸುವ ದಿನ ಹತ್ತಿರ ಬಂದಂತೆ ನಿಂತಲ್ಲಿ ನಿಲ್ಲಲಾಗದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಇವಳನ್ನು ಇಟ್ಟುಕೊಂಡುಬಿಡೋಣ ಎಂದರೆ ಗಂಡ ರೂಮಿನ ನಾಲ್ಕು ಗೋಡೆ ನೋಡಿದ.

ನಮ್ಮ ಕಡೆ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಅಡಿಕೆ ಹಾಕಿ ಕಳಿಸುತ್ತೇವೆ. ಇಲ್ಲಿಯವರು ಮಡಿಲು ತುಂಬುವುದು ಎನ್ನುತ್ತಾರೆ. ಚಂದ್ರಿಗೆ ಸೆರಗೆಲ್ಲಿಂದ ಬರಬೇಕು? ಎಲ್ಲವನ್ನೂ ಕುಬುಸದ ಖಣದ ತುಂಡಿನಲ್ಲಿ ಗಂಟು ಕಟ್ಟಿ, ಪೆಟ್ಟಿಗೆಯ ಹಾಸಿಗೆಯಡಿ ಇಟ್ಟೆ. ಯಾರಿಗೂ ಹೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಚಂದ್ರಿಯನ್ನು ಹೊರಗಿಳಿಸಿ ಹಾಸಿಗೆ ಎತ್ತಿದ. ಗಂಟು ಬಿಚ್ಚಿ ಅರಿಸಿನ ಬೇರನ್ನು ಮೂಸಿದ. ಕಾಳು, ಬೇರು ಆ ದೇಶಕ್ಕೆ ಹೋಗುವಂತಿಲ್ಲ ಎಂದು ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿಸಿದ. ಮೇಡಂ ನನ್ನ ಮುಖ ನೋಡಿದರು, ಬೈಯಲಿಲ್ಲ. ಚಂದ್ರಿ ಮಾತ್ರ ನನ್ನ ಸೀರೆಯ ಹಿಂದೆ ಸೇರಿಕೊಂಡಳು. ಇಬ್ಬರು ಎಳೆದರೂ ಪೆಟ್ಟಿಗೆಯೊಳಗೆ ಹೋಗಲೊಲ್ಲಳು. ಹತ್ತು ನಿಮಿಷದಲ್ಲಿ ಬಾಗಿಲು ಮುಚ್ಚುತ್ತೇವೆ ಎಂದರು. ಈ ವಿಮಾನ ತಪ್ಪಿದರೆ ಕಾಗದವೆಲ್ಲ ಮತ್ತೆ ಮೊದಲಿನಿಂದ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಂಡೇ ನಿಂತೆ. ಕಾಲಿಗೆ ಅವಳ ಮೈ ಬೆಚ್ಚಗೆ ತಾಗುತ್ತಿತ್ತು.

"ಅದು ನಿನ್ನ ಮಾತು ಮಾತ್ರ ಕೇಳೋದು ಕಣೇ, ಶಾಂತಾ" ಎಂದರು ಮೇಡಂ.

ಟೀಚರಮ್ಮನ ಮನೆಯ ಮುಂದಿನ ಹುಲ್ಲನ್ನು ಫೋಟೊದಲ್ಲಿ ನೋಡಿದ್ದೆ. ನಮ್ಮ ಮನೆಯ ಮುಂದೆ ಮೋರಿ, ಅದರಾಚೆ ಟೆಂಪೊಗಳು. "ಒಳಗ ಹೋಗವ್ವಾ" ಎಂದೆ. ಹೋದಳು. ಒಂದು ಸಲವಾದರೂ ನನ್ನ ಮಾತು ಮೀರಬಾರದಿತ್ತೇ? ತಿರುಗಿ ಕೂತು, ರೊಟ್ಟಿಗಾಗಿ ನನ್ನ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ.

ಚಳಿಗಾಲದ ಹೊತ್ತಿಗೆ ಅಂಗಡಿಯಲ್ಲಿ ನಾನು ಬಾಯಿ ಬಿಟ್ಟರೂ ಯಾವ ಕಡೆಯವರು ಎಂದು ಯಾರೂ ಕೇಳುತ್ತಿರಲಿಲ್ಲ. ಆಗಲೇ ಟೀಚರಮ್ಮನ ಕಾಗದ ಬಂತು. ಮೇಡಂ ಓದಿ ಹೇಳಿದರು: ಚಂದ್ರಿ ದಪ್ಪಗಾಗಿದ್ದಾಳೆ, ಈಗ ಅವರ ಭಾಷೆಯಲ್ಲಿ ಕರೆದರೆ ಬರುತ್ತಾಳೆ. ನಮ್ಮ ಮಾತು ನೆನಪಿರುತ್ತದೆಯೇ ಎಂದು ಕೇಳಿದೆ. ಮರೆತಿರುತ್ತದೆ ಬಿಡು, ಒಳ್ಳೆಯದೇ ಅಲ್ಲವೇ ಎಂದರು.

ಆ ಭಾನುವಾರ ಬೂತಿನಿಂದ ಊರಿಗೆ ಫೋನ್ ಮಾಡಿ, ಹೋಟೆಲು ಸುಳ್ಳು ಎಂಬುದರಿಂದ ಹಿಡಿದು ಎಲ್ಲವನ್ನೂ ಅವ್ವನಿಗೆ ಹೇಳತೊಡಗಿದೆ. ಅವ್ವ ನಗಲಿಲ್ಲ. ಚಂದ್ರಿಯ ಕತೆಯ ನಡುವೆ ತಡೆದಳು.

"ಅದಿರಲಿ, ನೀ ಯಾರಂಗ ಮಾತಾಡಾಕತ್ತಿ?"